ಹೊಸಬಾಳೆಯ ಬಾವಿ, ಬೆಂಗಳೂರಿನ ಕೆಂಪು ಕಟ್ಟಡ

ಕನ್ನಡದ ಸೀಮೆಗಳೆಲ್ಲ ಒಂದೇ ರಾಜ್ಯಕ್ಕೆ ಸೇರಿದ ಮರುವರ್ಷ ನಾನು ಶಿಕಾರಿಪುರಕ್ಕೆ ಮುನ್ಸೀಫನಾಗಿ ಹೋದೆ. ಮುನ್ಸೀಫ್ ಎಂದರೆ ತಾಲ್ಲೂಕಿನ ಸಿವಿಲ್ ನ್ಯಾಯಾಧೀಶ. ಗದ್ದೆಯ ಬದು, ಮನೆಯ ಗೋಡೆ, ಕೈಸಾಲ, ಪಾಲುಪಟ್ಟಿಯ ಜಗಳಗಳೆಲ್ಲ ಮೊದಲು ಬರುವುದು ಅವನ ಮುಂದೆ. ನನ್ನ ಮೇಲೆ ಶಿವಮೊಗ್ಗೆಯ ಕೋರ್ಟು, ಅದರ ಮೇಲೆ ಬೆಂಗಳೂರಿನ ಹೈಕೋರ್ಟು. ಹೀಗೆ ಮೇಲೆ ಬೇಕಾದಷ್ಟು ಜನರಿದ್ದರು. ಪಕ್ಕದಲ್ಲಿ ಮಾತ್ರ ಯಾರೂ ಇರಲಿಲ್ಲ.

ನನಗೆ ಆಗಿನ್ನೂ ಮದುವೆಯಾಗಿರಲಿಲ್ಲ. ತಾಯಿ ಅಣ್ಣನ ಸಂಸಾರದೊಂದಿಗೆ ತುಮಕೂರಿನಲ್ಲಿದ್ದಳು. ನನಗಿಂತ ಮೊದಲು ಅಲ್ಲಿದ್ದ ಮುನ್ಸೀಫರು ಅಧಿಕಾರ ಒಪ್ಪಿಸಿದ ದಿನ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಯಾರ ಮನೆಯಲ್ಲೂ ಊಟ ಮಾಡಬೇಡಿ. ಯಾರ ಅಂಗಡಿ ಜಗಲಿಯಲ್ಲೂ ಕೂರಬೇಡಿ. ಇವತ್ತು ಕಾಫಿ ಕೊಟ್ಟವನ ಭಾವಮೈದುನ ನಾಳೆ ನಿಮ್ಮೆದುರು ಪ್ರತಿವಾದಿಯಾಗಿ ನಿಂತಿರುತ್ತಾನೆ."

ಅವರು ಹೇಳಿದ್ದು ನಿಜವೇ. ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ಏನೋ ಒಂದು ಆಗಬೇಕು. ಹಾಗಾಗಿ ನಾನು ಯಾರಿಗೂ ಏನೂ ಆಗಲಿಲ್ಲ. ಸಂಜೆ ಕೆರೆ ಏರಿಯ ಮೇಲೆ ನಡೆಯಲು ಹೋದರೆ ಎದುರು ಬಂದವರು ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದು ಕೈ ಮುಗಿಯುತ್ತಿದ್ದರು. ನಾನು ದಾಟಿ ಹೋಗುವವರೆಗೆ ಅವರ ಮಾತು ನಿಂತಿರುತ್ತಿತ್ತು, ಆಮೇಲೆ ಬೆನ್ನ ಹಿಂದೆ ಮತ್ತೆ ಶುರುವಾಗುತ್ತಿತ್ತು. ಹೋಟೆಲಿನಿಂದ ಊಟ ಕ್ಯಾರಿಯರಿನಲ್ಲಿ ಬರುತ್ತಿತ್ತು. ಮದುವೆಯ ಕರೆಯೋಲೆಗಳು ಅರಿಶಿನ ಹಚ್ಚಿಕೊಂಡು ಬಂದು ಮೇಜಿನ ಮೇಲೆ ಬೀಳುತ್ತಿದ್ದವು. ಒಂದಕ್ಕೂ ಹೋಗಲಿಲ್ಲ. ಭಾನುವಾರ ಒಂದು ಮಾತೂ ಆಡದೆ ಕಳೆಯುತ್ತಿತ್ತು. ಸೋಮವಾರ ಬೆಳಿಗ್ಗೆ ಪೀಠದಲ್ಲಿ ಕೂತು ಬಾಯಿ ತೆರೆದರೆ ಸ್ವರವೇ ಹೊರಡದೆ ಕೆಮ್ಮಿ ಸರಿಮಾಡಿಕೊಳ್ಳಬೇಕಾಗುತ್ತಿತ್ತು. ವಕೀಲರು ಅದನ್ನು ಗತ್ತು ಎಂದುಕೊಂಡಿದ್ದರೆಂದು ಬಹಳ ದಿನಗಳ ಮೇಲೆ ತಿಳಿಯಿತು.

ಮಾತಾಡುತ್ತಿದ್ದವನು ಒಬ್ಬನೇ, ಕೋರ್ಟಿನ ಜವಾನ. ನನಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವನು, ಈಸೂರಿನ ಕಡೆಯವನು. ನಾನೊಮ್ಮೆ ಹೈಕೋರ್ಟಿನ ಸುತ್ತೋಲೆಯೊಂದನ್ನು ಓದುತ್ತಿದ್ದಾಗ ದೀಪದ ಗಾಜು ಒರೆಸುತ್ತಿದ್ದವನು ಕೇಳಿದ:

"ಬೆಂಗಳೂರಿಂದ ಬಂತೇನ್ರಿ ಸಾರ್?"

"ಹೂಂ. ಹೈಕೋರ್ಟಿನದು."

"ನಮ್ಮ ಕಡೇರ ಕೇಸೂ ಅಲ್ಲಿಗೆ ಹೋಗಿತ್ರಿ, ನಲವತ್ತೆರಡರ ಗಲಾಟೆ ಆದ್ಮ್ಯಾಲೆ. ಹೋದೋರೆಲ್ಲ ವಾಪಸು ಬರ್ಲಿಲ್ಲ."

ಅಷ್ಟು ಹೇಳಿ ಗಾಜನ್ನು ದೀಪಕ್ಕೆ ಸಿಕ್ಕಿಸಿ ಹೋದ. ಕಾಲೇಜಿನಲ್ಲಿ ನಾನು ಹೈಕೋರ್ಟಿನ ಚರಿತ್ರೆಯನ್ನು ಬಾಯಿಪಾಠ ಮಾಡಿದ್ದವನು. ಮಹಾರಾಜರ ಕಾಲದಲ್ಲಿ ಅದು ಚೀಫ್ ಕೋರ್ಟು ಎನ್ನಿಸಿಕೊಂಡಿತ್ತು, ಮೊದಲಿಗೆ ಮೂವರೇ ನ್ಯಾಯಾಧೀಶರಿದ್ದರು, ಆಮೇಲೆ ಹೈಕೋರ್ಟೆಂಬ ಹೆಸರು ಬಂತು ಎಂದು ಪರೀಕ್ಷೆಯಲ್ಲಿ ಬರೆದಿದ್ದೆ. ಐವರು ಗಲ್ಲಿಗೇರಿದ ಈಸೂರಿನ ಮನೆಗಳಲ್ಲಿ ಆ ಹೆಸರು ಹೇಗೆ ಕೇಳಿಸುತ್ತದೆ ಎಂಬುದು ಆ ಪಾಠದಲ್ಲಿ ಇರಲಿಲ್ಲ.

ತಿಂಗಳಿಗೊಮ್ಮೆ ಸೊರಬದಲ್ಲಿ ಕ್ಯಾಂಪ್ ಕೋರ್ಟು. ಫೈಲುಗಳ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು, ಶಿರಾಳಕೊಪ್ಪದ ಮೇಲೆ ಹೋಗುತ್ತಿದ್ದೆವು. ಮುಂದಿನ ಸೀಟನ್ನು ಕಂಡಕ್ಟರು ನನಗೆಂದೇ ಖಾಲಿ ಇಡುತ್ತಿದ್ದ. ಬಸ್ಸು ಎಷ್ಟೇ ತುಂಬಿದ್ದರೂ ನನ್ನ ಪಕ್ಕದಲ್ಲಿ ಯಾರೂ ಕೂರುತ್ತಿರಲಿಲ್ಲ. ಸೊರಬದಲ್ಲಿ ಸರ್ಕಾರಿ ಕಟ್ಟಡದ ಒಂದು ಕೋಣೆಯೇ ಕೋರ್ಟು, ಪ್ರವಾಸಿ ಬಂಗಲೆಯ ಒಂದು ಕೋಣೆಯೇ ಮನೆ.

ಹೊಸಬಾಳೆಯ ಬಾವಿಯ ದಾವೆ ನನ್ನ ಮುಂದೆ ಬಂದದ್ದು ಅಲ್ಲಿ. ವಾದಿ ಆ ಹಳ್ಳಿಯ ಒಬ್ಬ ವಯಸ್ಸಾದ ವಿಧವೆ. ಊರಂಚಿನಲ್ಲಿ ಒಂದು ತುಂಡು ಗದ್ದೆ, ಒಂದು ಹುಲ್ಲಿನ ಮನೆ, ಮಕ್ಕಳಿಲ್ಲ. ಪಕ್ಕದ ಹೊಲದವರ ಬಾವಿಯಿಂದ ಮದುವೆಯಾಗಿ ಬಂದಂದಿನಿಂದ ಕುಡಿಯುವ ನೀರು ಸೇದುತ್ತಿದ್ದಳು. ಆ ಮನೆಯ ಯಜಮಾನ ತೀರಿಕೊಂಡ ಮೇಲೆ, ಸಾಗರದಲ್ಲಿ ಸೋದರಮಾವನ ಮನೆಯಲ್ಲಿ ಬೆಳೆದಿದ್ದ ಮಗ ಊರಿಗೆ ಬಂದು ಬಾವಿಯ ದಾರಿಗೆ ಮುಳ್ಳುಬೇಲಿ ಹಾಕಿದ. ಇನ್ನು ಆಕೆಗೆ ಹಳ್ಳದ ನೀರೇ ಗತಿ. ಮಳೆಗಾಲದಲ್ಲಿ ಅದು ಕೆಸರು, ಬೇಸಿಗೆಯಲ್ಲಿ ಗುಂಡಿ ತೋಡಿದರೆ ಒರತೆ. ಬಾವಿಯ ನೀರು ತನ್ನ ಹಕ್ಕು, ಬೇಲಿ ತೆಗೆಸಿಕೊಡಬೇಕು ಎಂಬುದು ದಾವೆ.

ಕಾನೂನು ಇಲ್ಲಿ ಒಂದು ಸಣ್ಣ ವಿಷಯದ ಮೇಲೆ ನಿಂತಿರುತ್ತದೆ. ಇನ್ನೊಬ್ಬರ ಜಾಗದಲ್ಲಿ ಬಹಳ ವರ್ಷ, ಯಾರನ್ನೂ ಕೇಳದೆ, ತನ್ನದೇ ಎಂಬಂತೆ ನಡೆದಾಡಿದವರಿಗೆ ಹಕ್ಕು ಹುಟ್ಟುತ್ತದೆ. ಕೇಳಿಕೊಂಡು ನಡೆದಾಡಿದವರಿಗೆ ಎಷ್ಟು ವರ್ಷವಾದರೂ ಹುಟ್ಟುವುದಿಲ್ಲ, ಏಕೆಂದರೆ ಅದು ಕೊಟ್ಟವರ ಒಪ್ಪಿಗೆ. ಆಕೆಯ ವಕೀಲರು ದಾವೆಯಲ್ಲಿ ಸರಿಯಾಗಿಯೇ ಬರೆದಿದ್ದರು: ಯಾರ ಅಪ್ಪಣೆಯೂ ಇಲ್ಲದೆ, ಬಹಿರಂಗವಾಗಿ, ಹಕ್ಕಿನಿಂದ.

ಆಕೆ ಸಾಕ್ಷಿ ಹೇಳಲು ನಿಂತಳು. ಸೆರಗನ್ನು ಎರಡೂ ಹೆಗಲಿನ ಮೇಲೆ ಹೊದ್ದಿದ್ದಳು. ಪ್ರಮಾಣ ಮಾಡಿಸಿದಾಗ ಪ್ರತಿಯೊಂದು ಶಬ್ದವನ್ನೂ ನಿಧಾನವಾಗಿ ಹೇಳಿದಳು. ಪ್ರತಿವಾದಿಯ ವಕೀಲರು ಶಿವಮೊಗ್ಗೆಯವರು, ಮೆತ್ತಗಿನ ಮಾತಿನವರು. ಅವರು ಕೇಳಿದ್ದು ಒಂದೇ.

"ಬಾವಿಗೆ ಹೋಗುವಾಗ ಆ ಮನೆಯವರನ್ನು ಕೇಳಿ ಹೋಗ್ತಿದ್ರೇನಮ್ಮ?"

"ಕೇಳ್ದೆ ಹೋಗದು ಹೆಂಗೆ ಸ್ವಾಮಿ? ಅವರ ಅಂಗಳದ ಮುಂದೆ ನಿಂತು, ನೀರಿಗೆ ಹೋಗ್ತೀನಿ ಅಣ್ಣಾ ಅಂತಿದ್ದೆ. ಹೋಗು ತಂಗಿ ಅಂತಿದ್ರು."

ಆಕೆಯ ವಕೀಲರು ಪೆನ್ನನ್ನು ಕೆಳಗಿಟ್ಟರು. ಆಮೇಲೆ ಎದ್ದು, ಸರಿಮಾಡಲು ನೋಡಿದರು. "ಅವರು ಮನೇಲಿಲ್ಲದ ದಿನಾನೂ ಹೋಗ್ತಿದ್ರಲ್ಲಮ್ಮ? ಆವಾಗ ಯಾರನ್ನೂ ಕೇಳ್ತಿರಲಿಲ್ಲ, ಅಲ್ವಾ?"

"ಆವಾಗ ಅತ್ತಿಗೆ ಹತ್ರ ಹೇಳ್ತಿದ್ದೆ. ಅವರೂ ಇಲ್ದಿದ್ರೆ ಬಂದ್ಮೇಲೆ ಹೇಳ್ತಿದ್ದೆ."

ಕೋಣೆಯಲ್ಲಿ ಯಾರೋ ನಕ್ಕರು. ಆಕೆ ಅತ್ತ ತಿರುಗಿ ನೋಡಿದಳು, ನಗುವಂಥದ್ದೇನಿತ್ತು ಎಂದು ತಿಳಿಯದವಳಂತೆ. ದಾವೆ ಅಲ್ಲಿಗೇ ಮುಗಿದಿತ್ತು. ಆದರೂ ನಾನು ಕೇಳಿದೆ.

"ಅಮ್ಮ, ನಿಮಗೆ ಈ ಕೋರ್ಟಿನಿಂದ ಏನಾಗಬೇಕು?"

"ನೀರು ಬೇಕು ಸ್ವಾಮಿ, ಬ್ಯಾಡ ಅನ್ನಲ್ಲ. ಹಳ್ಳದ ನೀರಾದ್ರೂ ಕುಡಿದೇನು. ಆದ್ರೆ ಈ ಹುಡುಗ ಅರಳಿಕಟ್ಟೆ ಮೇಲೆ ನಿಂತು, ಇಷ್ಟು ವರ್ಷ ನಮ್ಮ ಬಾವಿ ನೀರು ಕದ್ಲು ಅಂದ. ನಾನು ಕದ್ದೋಳಲ್ಲ. ಅದನ್ನ ಯಾರಾದ್ರೂ ದೊಡ್ಡೋರು ಹೇಳ್ಬೇಕು."

ಪ್ರತಿವಾದಿ ತಲೆ ತಗ್ಗಿಸಿ ನಿಂತಿದ್ದ. ಅವನು ಕೆಟ್ಟವನಂತೆ ನನಗೆ ಕಾಣಲಿಲ್ಲ. ಇವತ್ತು ಇವಳನ್ನು ಬಿಟ್ಟರೆ ನಾಳೆ ಊರೆಲ್ಲ ಹಕ್ಕು ಕೇಳುತ್ತದೆ ಎಂದು ಯಾರೋ ಅವನ ತಲೆಗೆ ತುಂಬಿದ್ದರು. ತಂದೆಯ ಕಾಲದಲ್ಲಿ ಯಾರು ಬರುತ್ತಿದ್ದರು, ಏನು ಹೇಳಿ ಬರುತ್ತಿದ್ದರು ಎಂಬುದನ್ನು ಕಾಣದೆ ಬೆಳೆದವನು.

ಆ ಸಂಜೆ ಬಂಗಲೆಯ ಜಗಲಿಯಲ್ಲಿ ಕೂತಿದ್ದೆ. ದಂಡಾವತಿ ಹೊಳೆಯ ಕಡೆಯಿಂದ ದನಗಳು ಬರುತ್ತಿದ್ದವು. ಯಾರ ಹತ್ತಿರವಾದರೂ ಈ ವಿಷಯ ಮಾತಾಡಬೇಕೆನ್ನಿಸಿತು. ಜವಾನನ ಹತ್ತಿರ ಆಡುವಂತಿಲ್ಲ, ವಕೀಲರ ಹತ್ತಿರ ಆಡುವಂತಿಲ್ಲ. ಅಣ್ಣನಿಗೆ ಬರೆಯೋಣವೆಂದರೆ ತೀರ್ಪಾಗದ ವಿಷಯ ಬರೆಯುವಂತಿಲ್ಲ. ಆಕೆ ಒಂದು ಸುಳ್ಳು ಹೇಳಿದ್ದರೆ ನೀರು ಸಿಗುತ್ತಿತ್ತು. ನಿಜ ಹೇಳು ಎಂದು ಪ್ರಮಾಣ ಮಾಡಿಸಿದವನು ನಾನು. ಆ ನಿಜವನ್ನು ಆಕೆಯ ವಿರುದ್ಧ ಬರೆಯಬೇಕಾದವನೂ ನಾನೇ.

ತೀರ್ಪನ್ನು ಶಿಕಾರಿಪುರಕ್ಕೆ ಹೋಗಿ ಬರೆದೆ. ಆಗ ನಾವು ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. ದಾವೆ ವಜಾ. ಆದರೆ ಅದಕ್ಕೆ ಮುಂಚೆ ಒಂದು ಪ್ಯಾರಾ ಸೇರಿಸಿದೆ. ವಾದಿ ನಿಜವನ್ನೇ ಹೇಳಿದ ಸಾಕ್ಷಿ. ಬಾವಿಯ ಒಡೆಯನ ಒಪ್ಪಿಗೆ ಪಡೆದೇ ನೀರು ತಂದವಳು. ಒಂದು ಕೊಡವನ್ನೂ ಕದ್ದು ತಂದವಳಲ್ಲ ಎಂದು ಈ ಕೋರ್ಟು ಕಂಡುಕೊಂಡಿದೆ. ಅಷ್ಟು ಬೇಕಿರಲಿಲ್ಲ, ಒಪ್ಪಿಗೆಯಿತ್ತು ಎಂದರೆ ಸಾಕಿತ್ತು. ಬೇಕಿಲ್ಲದ್ದನ್ನು ಬರೆದದ್ದಕ್ಕೆ ಮೇಲಿನವರು ಟೀಕಿಸಿಯಾರು ಎಂಬ ಅಳುಕೂ ಇತ್ತು. ಆದರೂ ಹೊಡೆದುಹಾಕಲಿಲ್ಲ.

ಸೊರಬದಲ್ಲಿ ತೀರ್ಪು ಹೇಳಿದ ದಿನ ಆಕೆಗೆ ತಿಳಿದದ್ದು ಸೋತೆ ಎಂಬುದಷ್ಟೇ. ಪೀಠದಿಂದ ಫಲಿತಾಂಶವನ್ನು ಓದುವುದು, ಫೈಲನ್ನು ಕೆಳಗೆ ಕೊಡುವುದು, ಮುಂದಿನ ಕೇಸನ್ನು ಕೂಗುವುದು, ಅದೇ ಪದ್ಧತಿ. ಆಕೆ ಕೈ ಮುಗಿದು ಹೊರಗೆ ಹೋದಳು. ವಕೀಲರು ಮೇಲಿನ ಕೋರ್ಟಿಗೆ ಹೋಗೋಣವೆಂದು ಧೈರ್ಯ ಹೇಳುತ್ತಿದ್ದುದು ಕಿಟಕಿಯಿಂದ ಕೇಳಿಸಿತು. ಶಿವಮೊಗ್ಗೆಯಲ್ಲಿ ಮೇಲ್ಮನವಿಯೂ ವಜಾ ಆಯಿತು. ಅಲ್ಲಿಂದ ಎರಡನೆಯ ಮೇಲ್ಮನವಿ ಹೈಕೋರ್ಟಿಗೆ ಹೋಯಿತು ಎಂದು ನಮ್ಮ ಕೋರ್ಟಿನ ಗುಮಾಸ್ತರು ಹೇಳಿದರು.

ಅದಾಗಿ ಒಂದು ವರ್ಷದ ಮೇಲೆ ನಾನು ರಜೆ ಹಾಕಿದ್ದೆ. ಬೆಂಗಳೂರಿನಲ್ಲಿ ಅಕ್ಕನ ಮನೆಗೆ ಹೋಗಿದ್ದವನು ಒಂದು ಬೆಳಿಗ್ಗೆ ಪತ್ರಿಕೆಯಲ್ಲಿ ಹೈಕೋರ್ಟಿನ ಆ ದಿನದ ಕೇಸುಗಳ ಪಟ್ಟಿ ನೋಡುವಾಗ ನನ್ನ ಕೋರ್ಟಿನಿಂದ ಹೋದ ದಾವೆ ಕಣ್ಣಿಗೆ ಬಿತ್ತು. ಕೋಟು ಹಾಕಿಕೊಂಡು ಹೊರಟೆ.

ಕಬ್ಬನ್ ಪಾರ್ಕಿನ ಅಂಚಿನ ಆ ಕೆಂಪು ಕಟ್ಟಡವನ್ನು ವಿದ್ಯಾರ್ಥಿಯಾಗಿದ್ದಾಗ ಹೊರಗಿನಿಂದ ಎಷ್ಟೋ ಸಲ ನೋಡಿದ್ದೆ. ಈಗ ಅದರೆದುರು ಬೂದುಗಲ್ಲಿನ ಹೊಸ ವಿಧಾನಸೌಧ ಎದ್ದು ನಿಂತು, ಕೆಂಪು ಕಟ್ಟಡ ಸ್ವಲ್ಪ ತಗ್ಗಿದಂತೆ ಕಾಣುತ್ತಿತ್ತು. ಒಳಗೆ ಉದ್ದನೆಯ ಜಗಲಿ, ದೊಡ್ಡ ಕಂಬಗಳು, ಕಪ್ಪು ಗೌನುಗಳ ಓಡಾಟ. ಆ ಜಗಲಿಯಲ್ಲಿ ಕೇಳಿದಷ್ಟು ಬಗೆಯ ಕನ್ನಡವನ್ನು ನಾನು ಅದುವರೆಗೆ ಒಂದೇ ಕಡೆ ಕೇಳಿರಲಿಲ್ಲ. ಧಾರವಾಡದವರು, ಮಂಗಳೂರಿನವರು, ಗುಲ್ಬರ್ಗದವರು, ಕೊಡಗಿನವರು, ನಮ್ಮ ಹಳೆಯ ಮೈಸೂರಿನವರು. ಗುಂಪು ಗುಂಪಾಗಿ, ಅವರವರು ಅವರವರ ಜೊತೆ ನಿಂತಿದ್ದರು.

ದೊಡ್ಡ ವಿಷಯಗಳಿಗೆ ಇಬ್ಬರು ಮೂವರು ನ್ಯಾಯಾಧೀಶರು ಒಟ್ಟಿಗೆ ಕೂರುತ್ತಾರೆ. ನಮ್ಮಂಥ ಎರಡನೆಯ ಮೇಲ್ಮನವಿಗೆ ಒಬ್ಬರೇ ಸಾಕು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ನ್ಯಾಯಮೂರ್ತಿಗಳು ತೆಳ್ಳಗಿನವರು, ಕನ್ನಡಕದ ಮೇಲಿಂದ ನೋಡುವವರು. ಹೊಸಬಾಳೆಯ ಕೇಸು ಕೂಗಿದರು. ಆಕೆ ಬಂದಿರಲಿಲ್ಲ, ಅಷ್ಟು ದೂರ ಬರುವುದು ಆಕೆಗೆಲ್ಲಿ ಸಾಧ್ಯ? ಆಕೆಯ ಪರವಾಗಿ ಒಬ್ಬ ಯುವ ವಕೀಲರು ಎದ್ದು ಬಡತನದ ಬಗ್ಗೆ, ಹಳ್ಳದ ಬಗ್ಗೆ ಹೇಳತೊಡಗಿದರು.

"ಅದು ನನಗೂ ತಿಳಿಯುತ್ತದೆ," ಎಂದರು ನ್ಯಾಯಮೂರ್ತಿಗಳು ಇಂಗ್ಲಿಷಿನಲ್ಲಿ. "ಆದರೆ ಏನು ನಡೆಯಿತು ಎಂಬುದನ್ನು ಕೆಳಗಿನ ಕೋರ್ಟುಗಳು ತೀರ್ಮಾನಿಸಿವೆ. ಇಲ್ಲಿ ಕಾನೂನು ತಪ್ಪಿದೆಯೇ ಎಂದಷ್ಟೇ ನಾನು ನೋಡಬಲ್ಲೆ. ನಿಮ್ಮ ಕಕ್ಷಿದಾರಳೇ ಕೇಳಿ ಹೋಗುತ್ತಿದ್ದೆ ಎಂದಿದ್ದಾಳಲ್ಲ?"

ನ್ಯಾಯಮೂರ್ತಿಗಳು ನನ್ನ ತೀರ್ಪಿನ ಪುಟ ತಿರುವಿದರು, ಒಂದು ಕಡೆ ನಿಲ್ಲಿಸಿ ಓದಿಕೊಂಡರು. ಆಮೇಲೆ ಶೀಘ್ರಲಿಪಿಕಾರನಿಗೆ ಹೇಳಿ ಬರೆಸಿದರು. ಮೇಲ್ಮನವಿಯಲ್ಲಿ ಕಾನೂನಿನ ಪ್ರಶ್ನೆಯಿಲ್ಲ, ವಜಾ. ಆದರೆ ವಾದಿ ಒಪ್ಪಿಗೆಯಿಂದಲೇ ನೀರು ತಂದವಳು, ಕದ್ದವಳಲ್ಲ, ಎಂಬ ಮುನ್ಸೀಫರ ನಿರ್ಣಯ ಮೇಲಿನ ಯಾವ ಕೋರ್ಟಿನಲ್ಲೂ ಕದಲಿಲ್ಲ. ಅದು ಈ ಆಜ್ಞೆಯ ನಂತರವೂ ಹಾಗೆಯೇ ನಿಲ್ಲುತ್ತದೆ.

ಇದೆಲ್ಲ ಮುಗಿಯಲು ಒಂದು ಲೋಟ ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಮಧ್ಯಾಹ್ನದ ವಿರಾಮದಲ್ಲಿ, ಆಗಿನ ವಾಡಿಕೆಯಂತೆ, ಊರಿಗೆ ಬಂದ ಕೆಳಗಿನ ನ್ಯಾಯಾಧೀಶನಾಗಿ ಗೌರವ ಸಲ್ಲಿಸಲು ಅವರ ಕೋಣೆಗೆ ಚೀಟಿ ಕಳಿಸಿದೆ. ಕರೆದರು. ಮೇಜಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಊಟದ ಡಬ್ಬಿ ಇತ್ತು.

"ಶಿಕಾರಿಪುರದವರೇನ್ರಿ? ಕೂಡ್ರಿ. ಚಾ ತಗೋರಿ."

ನಾನು ಕೂತೆ. ನನ್ನ ತೀರ್ಪು ಅವರ ಕೈಯಲ್ಲಿ ಹಾದುಹೋಗಿ ಇನ್ನೂ ಎರಡು ಗಂಟೆಯಾಗಿರಲಿಲ್ಲ. ಅವರಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಅದರ ಮಾತೆತ್ತಲಿಲ್ಲ. ಎತ್ತುವಂತಿರಲಿಲ್ಲ.

"ಅಲ್ಲಿ ಜೊತಿಗೆ ಯಾರದಾರ ನಿಮಗ?" ಎಂದು ಕೇಳಿದರು.

"ಯಾರೂ ಇಲ್ಲ ಸಾರ್. ಒಬ್ಬನೇ."

"ಹಂಗ ಇರತದ." ಸ್ವಲ್ಪ ಹೊತ್ತು ಚಹಾ ಕುಡಿದರು. "ನಾ ಮುಂಬಯಿ ಹೈಕೋರ್ಟಿನ ಪದ್ಧತಿಯೊಳಗ ಬೆಳದಾಂವ. ಇಲ್ಲಿ ಒಬ್ಬರು ಮದರಾಸಿನ ತೀರ್ಪು ತೆಗೀತಾರ, ಒಬ್ಬರು ಹೈದರಾಬಾದಿಂದು ತೆಗೀತಾರ, ನಿಮ್ಮವರು ಚೀಫ್ ಕೋರ್ಟಿನ ಕಾಲದ್ದು ತೆಗೀತಾರ. ಐದು ಕಡೆ ಕಾಯ್ದೆ ಒಂದ ಮೇಜಿನ ಮ್ಯಾಲ. ಕೂಡಿ ಕುಂತು ಒಂದು ಕೋರ್ಟು ಮಾಡಬೇಕು. ಆಗತದ, ಟೈಮ್ ಹಿಡೀತದ."

"ಊರು ಹಿಡಿಸಿತೇ ಸಾರ್?"

"ಊರೇನೋ ಛಲೋ ಅದ. ಸಂಜಿಮುಂದ ಪಾರ್ಕಿನಾಗ ಅಡ್ಡಾಡತೀನಿ. ಇಷ್ಟು ದಿನ ಆತು, ಅಲ್ಲಿ ಒಬ್ಬರೂ ನನ್ನ ಕೂಡ ಮಾತಾಡಿಲ್ಲ."

ನಗುತ್ತ ಹೇಳಿದರು, ಆದರೆ ಡಬ್ಬಿಯ ಗಂಟನ್ನು ಬಿಚ್ಚುತ್ತಿದ್ದ ಕೈ ನಿಂತಿತ್ತು. ಏಣಿಯ ತುದಿಗೆ ಹೋದವರಿಗೆ ಜೊತೆ ಸಿಗುತ್ತದೆ ಎಂದು ನಾನು ಅದುವರೆಗೆ ನಂಬಿಕೊಂಡಿದ್ದೆನೋ ಏನೋ. ಎದ್ದು ನಮಸ್ಕಾರ ಹೇಳಿ ಹೊರಗೆ ಬಂದಾಗ ಅವರು ಡಬ್ಬಿ ತೆರೆಯುವ ಸದ್ದು ಕೇಳಿಸಿತು.

ಹೈಕೋರ್ಟಿನ ಆಜ್ಞೆಯ ಪ್ರತಿ ಕೆಲವು ವಾರಗಳ ಮೇಲೆ ನನ್ನ ಕೋರ್ಟಿಗೆ ಇಳಿದು ಬಂತು. ಅದನ್ನು ಫೈಲಿಗೆ ಸೇರಿಸಿ ಕಟ್ಟಿಟ್ಟರೆ ಕೆಲಸ ಮುಗಿಯುತ್ತಿತ್ತು. ನಾನು ಗುಮಾಸ್ತರಿಗೆ ಹೇಳಿ ಎರಡೂ ಕಡೆಯವರಿಗೆ ಸೊರಬದ ಕ್ಯಾಂಪಿಗೆ ಬರುವಂತೆ ತಿಳಿಸಿದೆ. ಅಂದು ಮೊದಲಿಗೇ ಆ ಕೇಸನ್ನು ಕೂಗಿಸಿ, ಆಜ್ಞೆಯ ಇಂಗ್ಲಿಷನ್ನು ಪಕ್ಕಕ್ಕಿಟ್ಟು, ತೆರೆದ ಕೋರ್ಟಿನಲ್ಲಿ ಕನ್ನಡದಲ್ಲಿ ಹೇಳಿದೆ.

"ಅಮ್ಮ, ಬಾವಿಯ ಮೇಲೆ ನಿಮಗೆ ಹಕ್ಕಿಲ್ಲ ಎಂದು ಮೂರು ಕೋರ್ಟೂ ಹೇಳಿವೆ. ನೀವು ಕದ್ದವರಲ್ಲ, ಹೇಳಿ ಕೇಳಿ ನೀರು ತಂದವರು ಎಂದು ಈ ಕೋರ್ಟು ಬರೆದಿತ್ತು. ಹೈಕೋರ್ಟು ಅದನ್ನು ಒಪ್ಪಿ ಹಾಗೇ ಉಳಿಸಿದೆ."

ಆಕೆ ಕೇಳಿದಳು, "ಬೆಂಗಳೂರಲ್ಲೂ ಬರ್ದಾರಾ ಸ್ವಾಮಿ?"

"ಬರೆದಿದ್ದಾರೆ."

ಆಕೆ ಪ್ರತಿವಾದಿಯ ಕಡೆ ತಿರುಗಿದಳು. ಗದರುತ್ತಾಳೆಂದುಕೊಂಡೆ. "ಕೇಳಿಸ್ತೇನಪ್ಪಾ?" ಎಂದಳು, ಕಿವಿ ಮಂದವಾದವರನ್ನು ಕೇಳುವ ಹಾಗೆ. ಅವನು, "ಕೇಳಿಸ್ತು ಅತ್ತೆ," ಎಂದ. ಅವನ ಬಾಯಲ್ಲಿ ಆ ಅತ್ತೆ ಎಂಬ ಮಾತು ಬಂದದ್ದಕ್ಕೆ ಅವನೇ ಬೆಚ್ಚಿದಂತಿತ್ತು. ಇಬ್ಬರೂ ಹೊರಗೆ ಹೋದರು, ಬೇರೆ ಬೇರೆಯಾಗಿ.

ಕೋರ್ಟು ಎದ್ದ ಮೇಲೆ ಬಂಗಲೆಯ ಕಡೆ ಹೋಗುತ್ತಿದ್ದೆ. ಆಕೆ ಬಂಗಲೆಯ ಬೇಲಿಯ ಹತ್ತಿರ ಕಾದಿದ್ದಳು. ಸೆರಗಿನಿಂದ ಎರಡು ಸೌತೆಕಾಯಿ ತೆಗೆದು ನೀಡಿದಳು. ನಾನು ಕೈ ಹಿಂದಕ್ಕೆಳೆದುಕೊಂಡೆ. ಜವಾನ ಮುಂದೆ ಬಂದು ಹೇಳಿದ:

"ಜಡ್ಜರು ಏನೂ ತಗೊಳ್ಳಂಗಿಲ್ಲ ಅಮ್ಮ. ಕಾನೂನು."

"ಕೇಸು ಮುಗೀತಲ್ಲ?"

"ಮುಗಿದ್ರೂ ತಗೊಳ್ಳಂಗಿಲ್ಲ."

ಆಕೆ ನನ್ನ ಮುಖವನ್ನೇ ನೋಡಿದಳು. "ಪಾಪ," ಎಂದಳು. "ಇವರಿಗೆ ಯಾರೂ ಏನೂ ಕೊಡಂಗೇ ಇಲ್ವಾ?"

ನಾನು ಕೈ ಮುಗಿದು ಒಳಗೆ ಹೋದೆ. ಕೋಣೆಯ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಂಚದ ಮೇಲೆ ಕೂತಿದ್ದೆ. ಅಷ್ಟು ದಿನಗಳಲ್ಲಿ ನನ್ನ ಬಗ್ಗೆ ಒಬ್ಬರು ಮರುಗಿದ್ದು ಅದೇ ಮೊದಲು, ಅದೂ ನನ್ನಿಂದ ಸೋತವಳು.

ಮುಂದಿನ ಬೇಸಿಗೆಯಲ್ಲಿ ನನಗೆ ಚಿತ್ರದುರ್ಗದ ಕಡೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಜವಾನ ಬಸ್ ನಿಲ್ದಾಣಕ್ಕೆ ಟ್ರಂಕು ಹೊರಿಸಿಕೊಂಡು ಬಂದ. ಅಲ್ಲಿ ನಿಂತು, ಕೇಳದಿದ್ದರೂ ಹೇಳಿದ: ಹೊಸಬಾಳೆಯ ಬೇಲಿ ಹಾಗೇ ಇದೆಯಂತೆ, ಮುಳ್ಳಿನ ನಡುವೆ ಬಳ್ಳಿ ಹಬ್ಬಿ ಹಸಿರಾಗಿದೆಯಂತೆ. ಆದರೆ ಬ್ಲಾಕ್ ಆಫೀಸಿನವರು ಆ ಕೇರಿಗೆ ಸರ್ಕಾರಿ ಬಾವಿ ತೋಡಿಸಿದ್ದಾರೆ, ನೀರು ಚೆನ್ನಾಗಿ ಬಂದಿದೆ, ಮುದುಕಿ ಅಲ್ಲಿಂದಲೇ ತರುತ್ತಾಳೆ.

"ಅಲ್ಲಿ ಯಾರನ್ನೂ ಕೇಳಂಗಿಲ್ರಿ ಸಾರ್," ಎಂದ.

"ಅರಳಿಕಟ್ಟೆಯ ಮಾತು?"

"ಅದನ್ನ ಈಗ ಯಾರೂ ಆಡಲ್ಲ ಬಿಡ್ರಿ. ಆಕಿ ಬಾಯಾಗೆ ಮಾತ್ರ ಬೆಂಗಳೂರು ಬೆಂಗಳೂರು ಅಂತ ಒಂದೇ ಜಪ."

ಬಸ್ಸು ಬಂತು. ಹೊನ್ನಾಳಿಯ ಮೇಲೆ ಹೋಗುವ ಬಸ್ಸು, ಗುರುತಿಲ್ಲದ ಕಂಡಕ್ಟರು. ಮುಂದಿನ ಸೀಟು ಯಾರಿಗೂ ಕಾದಿರಿಸಿರಲಿಲ್ಲ. ನಡುವಿನಲ್ಲೆಲ್ಲೋ ಒಬ್ಬ ರೈತನ ಪಕ್ಕದಲ್ಲಿ ಜಾಗ ಸಿಕ್ಕಿತು. ಅವನು ಕಾಲ ಬಳಿಯ ಚೀಲವನ್ನು ಸರಿಸಿ, "ಬರ್ರಿ, ಆರಾಮಾಗಿ ಕೂರ್ರಿ," ಎಂದ. ಊರು ದಾಟುವುದರೊಳಗೆ ತನ್ನ ಎತ್ತಿನ ಕಾಲಿಗಾದ ಹುಣ್ಣಿನ ವಿಷಯ ಹೇಳಿದ. ಮಗಳನ್ನು ಕೊಟ್ಟ ಊರಿನಲ್ಲಿ ಈ ಸಲ ಜೋಳ ಹೇಗೆ ಬಂತೆಂದು ಹೇಳಿದ. ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ನಕ್ಕ. ಎಲೆಯಡಿಕೆ ನೀಡಿದ. ತೆಗೆದುಕೊಂಡೆ.

"ನೀವೇನ್ ಕೆಲಸ ಮಾಡ್ತೀರ್ರಿ?" ಎಂದು ಕೇಳಿದ.

"ಕೋರ್ಟಿನಲ್ಲಿ. ಬರೆಯೋ ಕೆಲಸ," ಎಂದೆ.

"ಹಂಗಾರೆ ಬೆರಳು ನೋಯ್ತವೇನೋ," ಎಂದ. ಆಮೇಲೆ ಮತ್ತೆ ಎತ್ತಿನ ಮಾತಿಗೆ ಬಂದ. ನಾನೂ ಎತ್ತಿನ ಬಗ್ಗೆ, ಗೊತ್ತಿದ್ದದ್ದು ಗೊತ್ತಿಲ್ಲದ್ದು ಎಲ್ಲ, ಹೊನ್ನಾಳಿ ಬರುವವರೆಗೆ ಮಾತಾಡುತ್ತ ಹೋದೆ.